ಕವಿತೆಯ ವ್ಯಾಪ್ತಿಗೆ ಬರುವ ಮನೆ

ಸ್ಮಾರಕ ಇಲಾಖೆಯ ನಿಯಮಾವಳಿಯಲ್ಲಿ ಹೀಗೊಂದು ನಿಯಮವಿದೆ: ಮೊಹರು ಬಿದ್ದ ಕಾಗದಕ್ಕೂ ನೆಲಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ನೆಲವನ್ನು ತಿದ್ದತಕ್ಕದ್ದು. ಇದನ್ನು ಮಾಡಿದವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಹಿಂದೊಮ್ಮೆ ನಕ್ಷೆ ಬರೆಯುವವರ ಕೈ ಜಾರಿ ಚರಂಡಿಯ ಗೆರೆ ಗ್ರಂಥಾಲಯದ ನಡುವೆ ಹಾದುಹೋಯಿತು. ಗೆರೆಯ ಮೇಲೆ ಮೊಹರೂ ಬಿತ್ತು. ಚರಂಡಿಯನ್ನು ಹಾಗೆಯೇ ತೋಡಲಾಯಿತು. ಓದುಗರು ಇವತ್ತಿಗೂ ಚರಂಡಿಯ ಈಚೆ ಕಥೆ, ಆಚೆ ವಿಜ್ಞಾನ ಎಂದು ಗುರುತಿಟ್ಟುಕೊಂಡು ದಾಟುತ್ತಾರೆ. ಯಾರಿಂದಲೂ ದೂರು ಬಂದಿಲ್ಲ.

ಈ ಇಲಾಖೆಯ ಹಿರಿಯ ಗುಮಾಸ್ತನನ್ನು ಎಲ್ಲರೂ ಪ್ರಾಸಪ್ಪ ಎಂದೇ ಕರೆಯುತ್ತಿದ್ದರು. ತಂದೆತಾಯಿ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಉದ್ಯಾನಗಳಿಗೂ ಸ್ಮಾರಕಗಳಿಗೂ ಎಚ್ಚರಿಕೆಯ ಫಲಕ ಬರೆದುಕೊಡುವುದು ಅವನ ಕೆಲಸ. 'ಗೋಡೆಗೆ ಒರಗದಿರಿ, ಆಮೇಲೆ ಕೊರಗದಿರಿ' ಎಂಬ ಅವನ ಫಲಕ ಮಂತ್ರಿಗಳಿಂದ ಮೆಚ್ಚುಗೆ ಪಡೆದಿತ್ತು. ಅಂದಿನಿಂದ ಇಲಾಖೆಯೊಳಗೆ ಅವನು ಕವಿ. ಉಳಿದ ಗುಮಾಸ್ತರಿಗೆ ಬರುವಷ್ಟೇ ಸಂಬಳ ಬರುತ್ತಿತ್ತಾದರೂ ನಡಿಗೆ ಮಾತ್ರ ಸ್ವಲ್ಪ ನಿಧಾನವಾಗಿತ್ತು.

ಅವನ ಮನೆ ಕದನದ ಬಯಲಿನ ಪಡುವಣ ಅಂಚಿಗೆ, ಹಿಂಬದಿಯ ಓಣಿಯಲ್ಲಿತ್ತು. ಮನೆ ಅಕ್ಕನದು. ಚಿಕ್ಕಂದಿನಲ್ಲೇ ತಬ್ಬಲಿಯಾದ ತಮ್ಮನನ್ನು ಅಕ್ಕ ಹೊಲಿಗೆ ಯಂತ್ರ ತುಳಿದೇ ಸಾಕಿ, ಓದಿಸಿ, ಅದೇ ಯಂತ್ರ ತುಳಿದು ಈ ಎರಡು ಕೋಣೆಯ ಮನೆಯನ್ನೂ ಮಾಡಿಕೊಂಡಿದ್ದಳು. ಓಣಿಗೆ ತೆರೆದ ಕಿಟಕಿಯ ಪಕ್ಕ ಯಂತ್ರ, ಯಂತ್ರದ ಮೇಲೆ ಒಂದು ದೀಪ. ಪ್ರಾಸಪ್ಪ ಕಚೇರಿಯಿಂದ ಬಂದು ಚಪ್ಪಲಿ ಬಿಡುವ ತನಕ ಆ ದೀಪ ಆರುತ್ತಿರಲಿಲ್ಲ. ತಲೆ ನರೆತ ತಮ್ಮನನ್ನು ಅವಳು ಇನ್ನೂ 'ಲೋ' ಎಂದೇ ಕೂಗುತ್ತಿದ್ದಳು. ಕವಿಗೆ ಇದರಿಂದ ಸ್ವಲ್ಪ ಮುಜುಗರವಾಗುತ್ತಿತ್ತು, ಆದರೆ ಆ ಕೂಗು ಕಿವಿಗೆ ಬೀಳದ ದಿನ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಕದನಕ್ಕೆ ಇನ್ನೂರು ವರ್ಷ ತುಂಬುವ ಹೊತ್ತಿಗೆ ಒಂದು ಸ್ಮರಣ ಕವಿತೆ ಬೇಕೆಂದು ಮೇಲಿನಿಂದ ಆದೇಶ ಬಂತು. ಹೊರಗಿನ ಕವಿಗಳಿಗೆ ಗೌರವಧನ ಕೊಡಬೇಕಾಗುತ್ತದೆ, ಒಳಗಿನ ಕವಿಗೆ ಗೌರವ ಕೊಟ್ಟರೆ ಸಾಕು ಎಂದು ಲೆಕ್ಕಹಾಕಿದ ಸಾಹೇಬರು ಪ್ರಾಸಪ್ಪನನ್ನು ಕರೆಸಿದರು. ಪ್ರಾಸಪ್ಪ ಸತ್ಯಕ್ಕೆ ಅಂಜುವ ಮನುಷ್ಯ. ಮೊದಲು ಇತಿಹಾಸದ ಮೇಷ್ಟ್ರ ಮನೆಗೆ ಹೋಗಿ ವಿಚಾರಿಸಿದ.

"ಏನಿಲ್ಲಪ್ಪಾ, ಅದೊಂದು ಮೂಲಂಗಿ ಹೊಲ," ಎಂದರು ಮೇಷ್ಟ್ರು. "ಚಪ್ಪಟೆ ನೆಲ. ಒಳ್ಳೆ ಬಿಸಿಲು. ಎರಡು ಸೈನ್ಯ ಬೆಳಗ್ಗೆ ಎದುರಾದ್ವು, ಮಧ್ಯಾಹ್ನದವರೆಗೂ ಬಡಿದಾಡಿದ್ವು. ಆಮೇಲೆ ಎರಡು ಕಡೆಯವರೂ ನಾವೇ ಗೆದ್ವಿ ಅಂತ ಹೇಳ್ಕೊಂಡು ಊಟಕ್ಕೆ ಹೋದ್ರು. ಸೋತದ್ದು ಮೂಲಂಗಿ ಬೆಳೆದೋನು."

ಪ್ರಾಸಪ್ಪ ಕೇಳಿದ್ದನ್ನು ಕೇಳಿದಂತೆಯೇ ಬರೆದ.

ಮೂಲಂಗಿ ಹೊಲದೊಳಗೆ ಮುಂಜಾವ ಬಿಸಿಲೊಳಗೆ
ಕಾಲೂರಿ ನಿಂತರು ವೀರರೆಲ್ಲ

ಸಾಹೇಬರು ಇದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯುದ್ಧ ಚೆನ್ನಾಗಿದೆ ಕಣ್ರೀ. ಜಾಗ ಚೆನ್ನಾಗಿಲ್ಲ."

"ಜಾಗ ಇರೋದೇ ಹಾಗೆ ಸಾರ್."

"ಇರಬಹುದು. ಆದ್ರೆ ಮೂಲಂಗಿ ಹೊಲದಲ್ಲಿ ಯಾರಾದ್ರೂ ವೀರಮರಣ ಹೊಂದೋಕಾಗತ್ತೇನ್ರೀ? ಓದಿದವರಿಗೆ ಹಸಿವಾಗತ್ತೆ, ಕಣ್ಣಲ್ಲಿ ನೀರು ಬರಲ್ಲ. ವಾತಾವರಣ ಬೇಕು. ಅದೇ ಕತ್ತಿ, ಅದೇ ಗಾಯ, ಪಕ್ಕದಲ್ಲಿ ಒಂದು ಬೆಟ್ಟ ಇಡಿ, ಸ್ವಲ್ಪ ಮಂಜು ಬಿಡಿ, ನೋಡಿ ಹೇಗೆ ಎದ್ದು ನಿಲ್ಲತ್ತೆ."

ಈ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕೆಲವು ದೊಡ್ಡ ವಿಮರ್ಶಕರು ದಪ್ಪ ಪುಸ್ತಕದಲ್ಲಿ ಹೇಳುವುದನ್ನು ಸಾಹೇಬರು ಚಹಾ ಆರುವುದರೊಳಗೆ ಹೇಳಿದ್ದರು. ಪ್ರಾಸಪ್ಪ ತನ್ನ ಮೇಜಿಗೆ ಮರಳಿ, ಮೂಲಂಗಿಯನ್ನು ಹೊಡೆದುಹಾಕಿ, ಬೆಟ್ಟವನ್ನು ಬರೆದ. ಬೆಟ್ಟ ಬಂದದ್ದೇ ತಡ, ಉಳಿದದ್ದೆಲ್ಲ ತಾನಾಗಿಯೇ ಬಂತು. ಮಂಜು ಬಂತು, ಸಿಡಿಲು ಬಂತು, ಮರ ಬಂತು. ಹಾಸುಕಲ್ಲು ಬಂತು. ಇಷ್ಟು ವರ್ಷ ಗೋಡೆಗೆ ಒರಗಬೇಡಿ ಎನ್ನುತ್ತಿದ್ದವನಿಗೆ ಒಂದೇ ಮಧ್ಯಾಹ್ನದಲ್ಲಿ ಬೆಟ್ಟವೊಂದು ದಕ್ಕಿತ್ತು.

ಕಡುಗಪ್ಪು ಬೆಟ್ಟದಡಿ ಕವಿದಿತ್ತು ಮಂಜು,
ಸಿಡಿಲೆರಗಿ ನಿಂತಿತ್ತು ಒಂಟಿ ಮರವೊಂದು.
ಮನೆಯೊಂದು ಇರಲಿಲ್ಲ, ದೀಪವೂ ಇಲ್ಲ,
ಕೊನೆತನಕ ಬರಿ ಕಲ್ಲು, ಬರಿಯ ಗಾಳಿ.

ಕೊನೆಯ ಎರಡು ಸಾಲನ್ನು ಅವನು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತ ಮನೆಗೆ ಬಂದು ಅಕ್ಕನಿಗೂ ಓದಿ ತೋರಿಸಿದ. ಅಕ್ಕ ಯಂತ್ರ ನಿಲ್ಲಿಸಿ ಕೇಳಿದಳು.

"ಚೆನ್ನಾಗಿದೆ ಕಣೋ. ಆದ್ರೆ ಮನೆ ಒಂದೂ ಇಲ್ಲ ಅಂದ್ರೆ ನಮ್ಮನೆ ಎಲ್ಲೋಯ್ತು?"

"ಅಕ್ಕಾ, ಅದು ವಾತಾವರಣ. ಮನೆ ಇದ್ರೆ ಪಕ್ಕದಲ್ಲಿ ಜನ ಇರ್ತಾರೆ, ಜನ ಇದ್ರೆ ಸಾಯೋರಿಗೆ ನೀರು ಕೊಡ್ತಾರೆ. ಆಗ ದುಃಖ ಎಲ್ಲಿಂದ ಬರತ್ತೆ?"

"ನೀರು ಕೊಟ್ರೆ ಒಳ್ಳೇದಲ್ವೇನೋ?"

"ಅವರಿಗೆ ಒಳ್ಳೇದು. ಕವಿತೆಗೆ ಒಳ್ಳೇದಲ್ಲ."

ಅಕ್ಕ ದಾರ ಕಚ್ಚಿ ತುಂಡರಿಸಿ, ನಿನಗೆ ಗೊತ್ತಪ್ಪಾ ಎಂದು ಮತ್ತೆ ಹೊಲಿಯತೊಡಗಿದಳು. ಅವಳು ಇನ್ನೊಂದು ಮಾತು ಆಡಿದ್ದರೆ ಪ್ರಾಸಪ್ಪ ಬಹುಶಃ ಸಾಲನ್ನು ಬದಲಿಸುತ್ತಿದ್ದ. ಆದರೆ ತಮ್ಮ ಅಷ್ಟು ಖುಷಿಯಾಗಿದ್ದುದನ್ನು ಅವಳು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಮರುದಿನ ಸಾಹೇಬರು ಕವಿತೆ ಓದಿ ಕಣ್ಣೊರೆಸಿಕೊಂಡರು. ಒರೆಸಿಕೊಂಡ ಕೈಯಿಂದಲೇ ಮೊಹರು ಒತ್ತಿದರು.

ಮೊಹರು ಬಿದ್ದ ಮೇಲೆ ನಿಯಮದಂತೆ ಸ್ಥಳ ಪರಿಶೀಲನೆ ನಡೆಯಿತು. ಪರಿಶೀಲನಾ ತಂಡ ಒಂದು ಕೈಯಲ್ಲಿ ಕವಿತೆ, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು ಬಯಲನ್ನು ಸುತ್ತಿತು. ಅಲ್ಲಿ ಜನ ಬಟ್ಟೆ ಒಣಗಿಸುತ್ತಿದ್ದರು, ಕೆಲವರು ಸೈಕಲ್ ಕಲಿಯುತ್ತಿದ್ದರು. ತಂಡದ ವರದಿ ಚಿಕ್ಕದಾಗಿ ಚೊಕ್ಕದಾಗಿತ್ತು. "ಬೆಟ್ಟ: ಕಂಡುಬಂದಿಲ್ಲ. ಮಂಜು: ಕಂಡುಬಂದಿಲ್ಲ. ಒಂಟಿ ಮರ: ಕಂಡುಬಂದಿಲ್ಲ, ಮರಗಳು ಗುಂಪಾಗಿರುತ್ತವೆ. ಮನೆ ಮತ್ತು ದೀಪ: ಅಧಿಕ ಪ್ರಮಾಣದಲ್ಲಿ ಕಂಡುಬಂದಿರುತ್ತವೆ. ಒಟ್ಟಾರೆ, ಸ್ಥಳವು ಕವಿತೆಗೆ ಅನುಗುಣವಾಗಿರುವುದಿಲ್ಲ."

ನೆಲವನ್ನು ತಿದ್ದುವ ಗುತ್ತಿಗೆ ಸಾಹೇಬರ ಭಾವಮೈದನಿಗೆ ಸಿಕ್ಕಿತು. ಇದರಲ್ಲಿ ಪಕ್ಷಪಾತವೇನೂ ನಡೆದಿಲ್ಲ. ಬೆಟ್ಟ, ಮಂಜು ಮತ್ತು ಸಿಡಿಲು ಮೂರನ್ನೂ ಒಟ್ಟಿಗೆ ಪೂರೈಸಿದ ಅನುಭವವಿರಬೇಕೆಂದು ಟೆಂಡರಿನಲ್ಲಿ ಸ್ಪಷ್ಟವಾಗಿ ಕೇಳಲಾಗಿತ್ತು. ಭಾವಮೈದ ನಾಟಕ ಕಂಪನಿಗಳಿಗೆ ಪರದೆ, ಹೊಗೆಯಂತ್ರ, ತಗಡಿನ ಗುಡುಗು ಬಾಡಿಗೆಗೆ ಕೊಡುತ್ತಿದ್ದವನು. ಊರಲ್ಲಿ ಅಂಥ ಅನುಭವಸ್ಥ ಇನ್ನೊಬ್ಬ ಇರಲಿಲ್ಲ.

ಮೊದಲು ಒಂಟಿ ಮರದ ಕೆಲಸ ಮುಗಿಯಿತು. ಬಯಲಿನ ಅಂಚಿನ ತೋಪಿನಲ್ಲಿ ಚೆಂದದ ಒಂದು ಮರವನ್ನು ಆರಿಸಿ ಉಳಿದವನ್ನೆಲ್ಲ ಕಡಿಯಲಾಯಿತು. ಉಳಿದ ಮರ ನಿಜವಾಗಿಯೂ ಒಂಟಿಯಾಗಿ ಕಂಡಿತು. ಅದಕ್ಕೆ ಸಿಡಿಲು ಬಡಿದಿರಬೇಕಾದ್ದರಿಂದ ಒಂದು ಬದಿಯನ್ನು ಸೀಮೆಎಣ್ಣೆ ಹಾಕಿ ಸುಡಲಾಯಿತು. ಕಡಿದ ಮರಗಳು ಎಲ್ಲಿಗೆ ಹೋದವು ಎಂದು ಯಾರೂ ಕೇಳಲಿಲ್ಲ, ಭಾವಮೈದನ ಹೊಸ ಮನೆಯ ಬಾಗಿಲುಗಳು ಮಾತ್ರ ಬಹಳ ಗಟ್ಟಿಯಾಗಿವೆ.

ಬೆಟ್ಟದ ಕೆಲಸ ಸ್ವಲ್ಪ ತಡವಾಯಿತು. ಮಣ್ಣನ್ನು ಬಯಲಿನಿಂದಲೇ ತೆಗೆದದ್ದರಿಂದ ಬಯಲಿನಲ್ಲಿ ದೊಡ್ಡ ಹಳ್ಳ ಬಿತ್ತು. ಹಳ್ಳ ಕವಿತೆಯಲ್ಲಿ ಇರಲಿಲ್ಲ. ಅದನ್ನು ಮುಚ್ಚಲು ಬೇರೆ ಟೆಂಡರ್ ಕರೆದರು. ಮುಚ್ಚುವ ಮಣ್ಣನ್ನು ಹತ್ತಿರದಲ್ಲೇ ಸಿಗುವ ಬೆಟ್ಟದಿಂದ ತಂದರು. ಹಳ್ಳ ತುಂಬಿದ ದಿನ ಬೆಟ್ಟ ಮಾಯವಾಗಿತ್ತು. ಮತ್ತೆ ಬೆಟ್ಟಕ್ಕೆ ಟೆಂಡರ್ ಕರೆದರು. ಹೀಗೆ ಲಾರಿಗಳು ಇಡೀ ಬೇಸಗೆ ಅದೇ ಮಣ್ಣನ್ನು ಹೊತ್ತುಕೊಂಡು ಅತ್ತಿಂದಿತ್ತ ಓಡಾಡಿದವು. ಲೆಕ್ಕಪತ್ರದಲ್ಲಿ ಇದಕ್ಕೆ 'ವಾತಾವರಣ ವೆಚ್ಚ' ಎಂಬ ಹೊಸ ಬಾಬ್ತು ತೆರೆದರು. ಕೊನೆಗೆ ಭಾವಮೈದನಿಗೇ ಬೇಸರ ಬಂದು ಹೊರಗಿನಿಂದ ಮಣ್ಣು ತರಿಸಿದ. ಕವಿತೆಯ ಎರಡನೇ ಪದ್ಯದಲ್ಲಿ ಬೆಟ್ಟ 'ಪಡುವಣದ ಸೂರ್ಯನನು ನುಂಗಿ' ನಿಂತಿದ್ದ ಕಾರಣ ಅದನ್ನು ಬಯಲಿನ ಪಡುವಣದಲ್ಲೇ ಎಬ್ಬಿಸಬೇಕಾಯಿತು. ಅಲ್ಲಿದ್ದದ್ದು ಪ್ರಾಸಪ್ಪನ ಓಣಿ.

ಒಂದು ಬೆಳಗ್ಗೆ ಓಣಿಯ ತುದಿಯ ಕಂಬಕ್ಕೆ ಪ್ರಕಟಣೆ ಅಂಟಿತು.

"ಸಾರ್ವಜನಿಕರ ಗಮನಕ್ಕೆ. ಸದರಿ ಓಣಿಯ ಸಮಸ್ತ ಮನೆಗಳು ಸ್ಮರಣ ಕವಿತೆಯ ವ್ಯಾಪ್ತಿಗೆ ಒಳಪಡುತ್ತವೆ. ಕವಿತೆಯ ಪ್ರಕಾರ ಸದರಿ ಸ್ಥಳದಲ್ಲಿ ಮನೆಗಳು ಇರುವುದಿಲ್ಲ. ಆದ್ದರಿಂದ ಇಲ್ಲದ ಮನೆಗಳ ನಿವಾಸಿಗಳು ತಮ್ಮ ಸಾಮಾನು ಸರಂಜಾಮುಗಳೊಂದಿಗೆ ತೆರವು ಮಾಡತಕ್ಕದ್ದು. ತೆರವು ಮಾಡದವರನ್ನು ಬರಿಯ ಗಾಳಿ ಎಂದು ಪರಿಗಣಿಸಲಾಗುವುದು."

ಭಾಷೆ ಚೆನ್ನಾಗಿತ್ತು. ಅದರಲ್ಲಿ ಒಂದು ತಪ್ಪನ್ನು ಪ್ರಾಸಪ್ಪನೇ ಹಿಂದಿನ ದಿನ ಕಚೇರಿಯಲ್ಲಿ ತಿದ್ದಿದ್ದ. ಅದು ಯಾವ ಓಣಿ ಎಂದು ನೋಡಿರಲಿಲ್ಲ. ಈಗ ಕಂಬದ ಮುಂದೆ ನಿಂತು ನೋಡಿದ.

ಓಣಿಯವರು ಮಾತ್ರ ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಅವರಿಗೆ ಊರಾಚೆ ಬೇರೆ ಮನೆ ಕೊಡುವುದಾಗಿ ಹೇಳಿದ್ದರು, ಕಿಟಕಿಯಿಂದ ಬೆಟ್ಟ ಕಾಣುವುದೆಂದೂ ಹೇಳಿದ್ದರು. "ನಮ್ಮ ಓಣಿ ಕವಿತೆಗೆ ಸೇರಿತಲ್ಲಾ ಕವಿಗಳೇ, ಯಾರಿಗುಂಟು ಈ ಭಾಗ್ಯ," ಎಂದು ಸೈಕಲ್ ರಿಪೇರಿಯವನು ಪ್ರಾಸಪ್ಪನ ಕೈ ಕುಲುಕಿದ. ಅವನಿಗೆ ಮಡಿದ ಸೈನಿಕನ ಹುದ್ದೆ ಸಿಕ್ಕಿತ್ತು. ದಿನವಿಡೀ ಒಂಟಿ ಮರದ ಕೆಳಗೆ ಅಂಗಾತ ಮಲಗಿರುವ ಕೆಲಸ, ಭವಿಷ್ಯನಿಧಿ ಸಮೇತ.

ಅಕ್ಕ ಯಂತ್ರದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಬೈದಿದ್ದರೆ ಪ್ರಾಸಪ್ಪ ತಡೆದುಕೊಳ್ಳುತ್ತಿದ್ದ. ಅವಳು ಗೋಡೆಯನ್ನು ನೋಡುತ್ತ, "ಈ ಗೋಡೆಗೆ ಸುಣ್ಣ ಹೊಡೆಸಿ ಇನ್ನೂ ವರ್ಷ ಆಗಿಲ್ಲ ಕಣೋ," ಎಂದಾಗ ಅವನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಅವನು ಓಡಿದ್ದು ಸಾಹೇಬರ ಬಳಿಗೆ.

"ಸಾರ್, ಆ ಸಾಲು ತೆಗೆದುಬಿಡೋಣ. ಮನೆ ಇಲ್ಲ ಅನ್ನೋದು ಸುಳ್ಳು. ಬೆಟ್ಟಾನೂ ಸುಳ್ಳು. ನಾನೇ ಸೇರಿಸಿದ್ದು."

ಸಾಹೇಬರು ಕನಿಕರದಿಂದ ನೋಡಿದರು. "ಪ್ರಾಸಪ್ಪನವರೇ, ಮೊಹರು ಬಿದ್ದ ಮೇಲೆ ತಿದ್ದೋದು ನೆಲಾನ, ಕವಿತೇನಲ್ಲ. ಅಷ್ಟಕ್ಕೂ ಸುಳ್ಳು ಎಲ್ಲಿದೆ? ಬೆಟ್ಟ ಇಲ್ಲ ಅಂತೀರಾ? ಕಿಟಕೀಲಿ ನೋಡಿ."

ಪ್ರಾಸಪ್ಪ ನೋಡಿದ. ಬೆಟ್ಟ ಇತ್ತು, ಓಣಿಯ ಬೆನ್ನಿಗೆ ತಾಗಿಕೊಂಡೇ ಬೆಳೆದಿತ್ತು. ಅದರ ನೆತ್ತಿಯ ಮೇಲೆ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು.

ಅವನು ಮೇಷ್ಟ್ರ ಮನೆಗೆ ಹೋದ. ಮೇಷ್ಟ್ರು ಬೆಟ್ಟದ ಎತ್ತರ ನಿರ್ಧರಿಸುವ ಸಮಿತಿಗೆ ಅಧ್ಯಕ್ಷರಾಗಿದ್ದರು, ಮನೆ ಮುಂದೆ ಹೊಸ ಕಾರು ನಿಂತಿತ್ತು.

"ಮೂಲಂಗಿ ಹೊಲ ಅಂತ ನೀವೇ ಹೇಳಿದ್ರಲ್ಲ ಮೇಷ್ಟ್ರೇ?"

"ಹೇಳಿದ್ದೆ. ಅದು ಹಳೇ ಸಂಶೋಧನೆ. ಹೊಸ ಸಂಶೋಧನೆ ಪ್ರಕಾರ ಬೆಟ್ಟ ಇತ್ತು, ನಡುವೆ ಸವೆದುಹೋಗಿತ್ತು, ಈಗ ಮತ್ತೆ ಬೆಳೀತಿದೆ. ಆಧಾರ ಏನು ಅಂತ ಕೇಳಿದ್ರೆ," ಮೇಷ್ಟ್ರು ಅಭಿಮಾನದಿಂದ ಅವನ ಬೆನ್ನು ತಟ್ಟಿದರು, "ನಿಮ್ಮ ಕವಿತೇನೇ ಆಧಾರ."

ಅಂದು ಸಂಜೆ ಪ್ರಾಸಪ್ಪ ಚಪ್ಪಲಿ ಬಿಟ್ಟು, ಊಟ ಬೇಡವೆಂದು ಗೋಡೆಗೆ ಮುಖ ಮಾಡಿ ಕೂತ. ಒಂದೇ ಒಂದು ಸಾಲಿನ ಆಸೆಗೆ ಅಕ್ಕನ ಇಡೀ ಆಯುಷ್ಯದ ದುಡಿಮೆಯನ್ನು ಗಾಳಿಗೆ ತೂರಿದೆನಲ್ಲಾ ಎಂದು ತನ್ನನ್ನೇ ಹಳಿದುಕೊಂಡ. ಅಕ್ಕ ಹರಿದ ಅಂಗಿಯೊಂದನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು.

"ಲೋ, ಕವಿತೆ ತಿದ್ದೋಕಾಗಲ್ಲ ಅಂದ್ರಲ್ಲಾ. ಸೇರಿಸೋಕಾಗತ್ತಾ?"

"ಅಂದ್ರೆ?"

"ಬಟ್ಟೆ ಹರಿದ್ರೆ ನಾನೇನು ಹೊಸದಾಗಿ ನೇಯ್ತೀನಾ? ಒಂದು ತುಂಡು ಹಾಕಿ ಹೊಲೀತೀನಿ. ನಾಳೆ ನಾನೂ ಬರ್ತೀನಿ, ನಡಿ."

ಮರುದಿನ ಅಕ್ಕ ಸಾಹೇಬರ ಎದುರು ಕೂತು ಅದೇ ಮಾತು ಕೇಳಿದಳು. ಸಾಹೇಬರ ಮುಖ ಅರಳಿತು. ತಿದ್ದುಪಡಿ ಎಂದರೆ ಹಿಂದಿನದು ತಪ್ಪು ಎಂದಾಗುತ್ತದೆ. ಸೇರ್ಪಡೆ ಎಂದರೆ ಹೆಚ್ಚುವರಿ ಕಾಮಗಾರಿ. ಹೆಚ್ಚುವರಿ ಕಾಮಗಾರಿ ಎಂದೊಡನೆ, ಪಕ್ಕದ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಭಾವಮೈದನೂ ಕಣ್ಣು ಬಿಟ್ಟ.

"ಒಂದು ಪದ್ಯ ಸೇರಿಸಬಹುದಮ್ಮಾ," ಎಂದರು ಸಾಹೇಬರು. "ಒಂದು ಮನೆ ಹೊರತು ಅಂತ ಬರೀಲಿ, ಅಡ್ಡಿಯಿಲ್ಲ. ಆದ್ರೆ ಎಲ್ಲ ಮನೆ ಹೋಗಿ ಅದೊಂದೇ ಯಾಕೆ ಉಳೀತು ಅಂತ ಸಮಿತಿ ಕೇಳತ್ತೆ. ಕಾರಣ ಬೇಕು. ಕಾರಣದಲ್ಲಿ ದುಃಖ ಇರ್ಬೇಕು, ವಾತಾವರಣ ಕೆಡಬಾರ್ದು."

ಮನೆಗೆ ಬಂದು ಇಬ್ಬರೂ ಕಾರಣ ಹುಡುಕುತ್ತ ಕೂತರು. ಕುರುಡಿ ಮುದುಕಿ ಇದ್ದಳೆಂದು ಬರೆಯೋಣವೇ? ಅಕ್ಕನಿಗೆ ಕಣ್ಣು ಚೆನ್ನಾಗಿದೆ, ಪರಿಶೀಲನೆಗೆ ಬಂದರೆ ಕಷ್ಟ. ಮನೆಯಲ್ಲಿ ನಿಧಿ ಇತ್ತೆಂದು ಬರೆದರೆ ಭಾವಮೈದ ಅಗೆಯುತ್ತಾನೆ. ಕೊನೆಗೆ ಅಕ್ಕನೇ ಸೂಜಿಗೆ ದಾರ ಪೋಣಿಸುತ್ತ ಹೇಳಿದಳು.

"ಯುದ್ಧಕ್ಕೆ ಹೋದ ತಮ್ಮನ್ನ ಕಾಯ್ತಾ ಕೂತಿದ್ಲು, ಅವನು ಬರೋವರೆಗೂ ಜಾಗ ಬಿಡಲ್ಲ ಅಂದ್ಲು, ಅಂತ ಬರಿ. ಅದಂತೂ ಸುಳ್ಳಲ್ಲ. ನಾನು ದಿನಾ ಮಾಡೋದು ಅದನ್ನೇ."

ಪ್ರಾಸಪ್ಪ ಬರೆದ. ಈ ಸಲ ಬೆಟ್ಟದ ನೆನಪೂ ಬರಲಿಲ್ಲ, ಪ್ರಾಸ ಹುಡುಕಬೇಕಾಗಲೂ ಇಲ್ಲ.

ಒಂದು ಮನೆ ಹೊರತು. ಅದರ ಹೊಸ್ತಿಲಲಿ ಕೂತು
ಹೊಂದಿಸುತ ಹರಿದ ಬಟ್ಟೆಗಳ ಚೂರ,
ಬಂದಾನು ತಮ್ಮನೆಂದಕ್ಕ ಕಾಯುವಳು;
ಬಂದಿಲ್ಲ ಅವನಿನ್ನೂ, ಬಲು ದಾರಿ ದೂರ.

ಅದು ಅವನು ಬರೆದ ಒಂದೇ ಒಂದು ಒಳ್ಳೆಯ ಪದ್ಯ. ಸಮಿತಿಯಲ್ಲಿ ಓದಿದಾಗ ಸಾಹೇಬರು ಅತ್ತರು, ಮೇಷ್ಟ್ರು ಅತ್ತರು, ಭಾವಮೈದ ಮನೆಯನ್ನು ಬೆಟ್ಟದ ಇಳಿಜಾರಿಗೆ ಎತ್ತಿ ಕೂರಿಸುವ ಖರ್ಚನ್ನು ಲೆಕ್ಕಹಾಕುತ್ತಲೇ ಅತ್ತ. ಮೊಹರು ಬಿತ್ತು. ಮನೆ ಉಳಿಯಿತು. ಅಕ್ಕ ಅಂದು ಓಣಿಯ ಉಳಿದವರ ಮೂಟೆ ಕಟ್ಟಲು ಸಹಾಯ ಮಾಡಿ, ಎಲ್ಲರನ್ನೂ ಲಾರಿ ಹತ್ತಿಸಿ ಬಂದಳು.

ಮನೆಯನ್ನು ಬೆಟ್ಟದ ಮೇಲೆ ಕೂರಿಸಿ, ಹೆಂಚು ತೆಗೆದು ಹುಲ್ಲು ಹೊದಿಸಿದರು. ವಿದ್ಯುತ್ತಿನವರು ಬಂದು ತಂತಿ ಕತ್ತರಿಸಿದರು. ಸೇರ್ಪಡೆಯಾದ ಪದ್ಯದಲ್ಲಿ ಮನೆಗೆ ವಿನಾಯಿತಿ ಇತ್ತು, ದೀಪಕ್ಕೆ ಇರಲಿಲ್ಲ. ಅಕ್ಕ ಹೊಲಿಗೆ ಯಂತ್ರವನ್ನು ಕಿಟಕಿಯ ಬಳಿಯಿಂದ ಹೊಸ್ತಿಲಿಗೆ ತಂದುಕೊಂಡಳು. ಪ್ರಾಸಪ್ಪ ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡ. ಮನೆ ಇದೆಯಲ್ಲ, ಅಷ್ಟು ಸಾಕು.

ಸಮಾರಂಭದ ದಿನ ಬಯಲು ತುಂಬ ಜನ ಸೇರಿದರು. ಹೊಗೆಯಂತ್ರಗಳು ಮಂಜು ಬಿಟ್ಟವು. ಮಂಜಿನಲ್ಲಿ ಮಂತ್ರಿಗಳು ಕಾಣಲಿಲ್ಲ, ಮಂತ್ರಿಗಳಿಗೆ ಜನ ಕಾಣಲಿಲ್ಲ, ಭಾಷಣ ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಕಲ್ಲಿನಲ್ಲಿ ಕೊರೆದ ಕವಿತೆಯ ಪರದೆ ಸರಿಯಿತು. ಕವಿಗೆ ಶಾಲು ಹೊದಿಸಿದರು. ಇಂಥ ನೆಲವೇ ಇಂಥ ಕವಿತೆಯನ್ನು ಬರೆಸಿಕೊಂಡಿತು ಎಂದು ಮಂತ್ರಿಗಳು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಾಸಪ್ಪನೂ ತಟ್ಟಿದ.

ಸಮಾರಂಭ ಮುಗಿದು, ಶಾಲನ್ನು ಅಕ್ಕನಿಗೆ ತೋರಿಸುವ ಆತುರದಲ್ಲಿ ಅವನು ಬೆಟ್ಟದ ಕಡೆ ಹೆಜ್ಜೆ ಹಾಕುತ್ತಿದ್ದಾಗ ಸಾಹೇಬರು ತೋಳು ಹಿಡಿದರು.

"ಎಲ್ಲಿಗೆ?"

"ಮನೆಗೆ ಸಾರ್."

"ಹೋಗೋ ಹಾಗಿಲ್ವಲ್ಲ. ನೀವಿನ್ನೂ ಬಂದಿಲ್ಲ."

ಪ್ರಾಸಪ್ಪನಿಗೆ ತಕ್ಷಣ ಅರ್ಥವಾಗಲಿಲ್ಲ. ಸಾಹೇಬರು ಬಿಡಿಸಿ ಹೇಳಿದರು. "ಆಯಮ್ಮನಿಗೆ ತಮ್ಮಂದಿರು ಎಷ್ಟು ಜನ?"

"ನಾನೊಬ್ಬನೇ."

"ಅಂದ್ಮೇಲೆ ನೀವೇ ಅಲ್ವೇನ್ರೀ. ಇವತ್ತು ಪರದೆ ಸರಿದ ಗಳಿಗೆಯಿಂದ ಕವಿತೆ ಜಾರಿಗೆ ಬಂತು. ತಮ್ಮ ಬಂದಿಲ್ಲ ಅಂತ ತಾನೇ ಆ ಮನೆ ಉಳಿದಿರೋದು? ನೀವು ಹೋಗಿ ಹೊಸ್ತಿಲು ತುಳಿದ್ರೆ ಕಾಯೋದು ಮುಗೀತು. ಕಾಯೋದು ಮುಗಿದ್ರೆ ವಿನಾಯಿತಿ ಮುಗೀತು. ಆಮೇಲೆ ಮನೆ ಕೆಡವೋದು ನಮ್ಮ ಕರ್ತವ್ಯ ಆಗತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ, ಬರಬೇಡಿ."

ಪ್ರಾಸಪ್ಪ ಶಾಲು ಹೊದ್ದು ಅಲ್ಲೇ ನಿಂತ. ಹೊಗೆಯ ನಡುವೆ ಮೇಲೆ ಹೊಸ್ತಿಲು ಕಾಣುತ್ತಿತ್ತು. ಅಕ್ಕ ಹಣೆಗೆ ಕೈ ಅಡ್ಡ ಹಿಡಿದು ದಾರಿ ನೋಡುತ್ತಿದ್ದಳು. ಸುತ್ತಲಿದ್ದ ಜನ, "ಎಷ್ಟು ಸಹಜವಾಗಿ ಮಾಡ್ತಾರೆ ನೋಡಿ," ಎಂದು ಮೆಚ್ಚಿಕೊಂಡರು.

ಇಲಾಖೆ ಅವನನ್ನು ಕೈಬಿಡಲಿಲ್ಲ. ಕಚೇರಿಯ ಹಿಂದಿನ ಕೋಣೆಯಲ್ಲಿ, ಹಳೆಯ ಫಲಕಗಳ ನಡುವೆ, ಒಂದು ಮಂಚ ಹಾಕಿಕೊಟ್ಟರು. ಅಕ್ಕನಿಗೆ 'ಕಾಯುವವರು' ಎಂಬ ಹುದ್ದೆಯಲ್ಲಿ ಸಂಬಳ ಬರತೊಡಗಿತು. ಅದು ಖಾಯಂ ಹುದ್ದೆ. ತಮ್ಮ ಬರುವವರೆಗೆ ನಿವೃತ್ತಿಯಿಲ್ಲ. ಬರುವವರಿಗೆಲ್ಲ ಅವಳು ನೀರು ಕೊಟ್ಟು, "ನನ್ನ ತಮ್ಮನ್ನ ಕಂಡ್ರಾ?" ಎಂದು ಕೇಳಬೇಕು. ಬಂದವರು "ಕಂಡಿಲ್ಲ" ಎನ್ನಬೇಕು. ಹಾಗೆಂದು ಬಾಗಿಲ ಪಕ್ಕದ ಫಲಕದಲ್ಲಿ ಬರೆದಿದೆ. ಫಲಕ ಬರೆದದ್ದು ಪ್ರಾಸಪ್ಪ.

ತಮ್ಮನಿಗೆ ನಿಷೇಧವಿದ್ದರೂ ಸಾರ್ವಜನಿಕರಿಗೆ ಪ್ರವೇಶವಿತ್ತು. ಇದನ್ನು ಕಂಡುಹಿಡಿದದ್ದೂ ಅಕ್ಕನೇ, ಸೈಕಲ್ ರಿಪೇರಿಯವನ ಕೈಯಲ್ಲಿ ಹೇಳಿಕಳಿಸಿದಳು. ಅಂದಿನಿಂದ ಪ್ರಾಸಪ್ಪ ಕಚೇರಿ ಮುಗಿಸಿ ಸಾರ್ವಜನಿಕರ ಸಾಲಿನಲ್ಲಿ ನಿಲ್ಲುತ್ತಾನೆ. ಗೇಟಿನ ಕಾವಲುಗಾರ ಅವನನ್ನು ಚೆನ್ನಾಗಿ ಬಲ್ಲ. ಆದರೂ ಕೆಲಸ ಕೆಲಸವೇ.

"ಒಳಗಿರೋರಿಗೆ ನೀವು ಏನಾಗ್ಬೇಕು?"

"ಏನೂ ಇಲ್ಲಪ್ಪಾ."

"ಹಾಗಾದ್ರೆ ಹೋಗಿ."

ಮರದ ಕೆಳಗೆ ಮಡಿದು ಬಿದ್ದಿರುವ ಸೈಕಲ್ ರಿಪೇರಿಯವನು ಒಂದು ಕಣ್ಣು ತೆರೆದು ನಮಸ್ಕಾರ ಹೇಳುತ್ತಾನೆ. ಸಾಲು ಮೆಲ್ಲಗೆ ಬೆಟ್ಟ ಹತ್ತುತ್ತದೆ. ಹೊಸ್ತಿಲ ಬಳಿ ಅಕ್ಕ ಒಬ್ಬೊಬ್ಬರಿಗೂ ಲೋಟ ಕೊಟ್ಟು ಒಬ್ಬೊಬ್ಬರನ್ನೂ ಕೇಳುತ್ತಾಳೆ. ಒಬ್ಬೊಬ್ಬರೂ ಕಂಡಿಲ್ಲ ಎನ್ನುತ್ತಾರೆ, ಕೆಲವರು ಕಣ್ಣೊರೆಸಿಕೊಳ್ಳುತ್ತಾರೆ. ಪ್ರಾಸಪ್ಪನ ಸರದಿ ಬಂದಾಗ ಅವಳು ಅವನ ಮುಖವನ್ನೇ ನೋಡುತ್ತ ಕೇಳುತ್ತಾಳೆ.

"ನನ್ನ ತಮ್ಮನ್ನ ಕಂಡ್ರಾ?"

"ಕಂಡಿಲ್ಲ ತಾಯಿ."

ಅವನು ನೀರು ಕುಡಿಯುವಷ್ಟು ಹೊತ್ತು ನಿಲ್ಲಲು ಅವಕಾಶವಿದೆ. ಅವನು ಬಹಳ ನಿಧಾನವಾಗಿ ಕುಡಿಯುತ್ತಾನೆ. ಅಕ್ಕ ಬಗ್ಗಿ ಹರಿದ ಬಟ್ಟೆಯ ಚೂರು ಹೊಂದಿಸುತ್ತ, ಹಿಂದಿನವರಿಗೆ ಕೇಳಿಸದಂತೆ ಹೇಳುತ್ತಾಳೆ:

"ಲೋ, ನಾಳೆ ಕಿವಿಗೆ ಏನಾದ್ರೂ ಕಟ್ಕೊಂಡು ಬಾ. ಮಂಜು ಜಾಸ್ತಿ ಬಿಡ್ತಾರಂತೆ."